ಮುತ್ತಿಗೆ ಹಾಕಿದವನ ಓದು

ಅಮೃತಹಳ್ಳಿಯ ಲಕ್ಕಣ್ಣ ಯುದ್ಧದ ಪುಸ್ತಕ ಬಿಟ್ಟರೆ ಬೇರೆ ಮುಟ್ಟುವವನಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದ. ಕಾದಂಬರಿ ಓದುವವರಿಗೆ ಬೇರೆ ಕೆಲಸವಿಲ್ಲ ಎಂದು ಮುಖದ ಮೇಲೇ ಹೇಳುತ್ತಿದ್ದ. ಯುದ್ಧವಾದರೆ ನಡೆದದ್ದು. ಗೆದ್ದವನು ಗೆದ್ದ, ಸತ್ತವನು ಸತ್ತ. ಈ ಬೇಸಿಗೆಯಲ್ಲಿ ಅವನ ಕೈಗೆ ಬಂದದ್ದು ಮತ್ತಿಕೆರೆ ಫುಟ್‌ಪಾತಿನಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕ. ಜರ್ಮನರು ರಷ್ಯಾದ ಲೆನಿನ್‌ಗ್ರಾಡ್ ನಗರವನ್ನು ಸುತ್ತುಗಟ್ಟಿ, ಒಳಗಿದ್ದವರನ್ನು ಹಸಿವಿನಿಂದಲೇ ಕೊಲ್ಲಲು ಹೊರಟ ಕತೆ.

ಅದೇ ಬೇಸಿಗೆಯಲ್ಲಿ ಲಕ್ಕಣ್ಣನೂ ಒಂದು ಮುತ್ತಿಗೆ ಹಾಕಿದ್ದ.

ತೀರಿಹೋದ ತಮ್ಮನ ಹೆಂಡತಿ ಮುನಿಯಲ್ಲಮ್ಮನ ಮನೆ ಅವನ ಮನೆಯ ಹಿಂದೆಯೇ ಇತ್ತು. ಎರಡೂ ಜಾಗ ಸೇರಿಸಿಕೊಟ್ಟರೆ ಅಪಾರ್ಟ್‌ಮೆಂಟ್ ಎಬ್ಬಿಸುತ್ತೇನೆ ಎಂದು ಬಿಲ್ಡರ್ ನಾಗಭೂಷಣ ಆಸೆ ಹುಟ್ಟಿಸಿದ್ದ. ಲಕ್ಕಣ್ಣ ಹೂಂ ಅಂದ. ಮುನಿಯಲ್ಲಮ್ಮ ಸೈನ್ ಹಾಕಲ್ಲ ಅಂದಳು. ಅವಳ ಬೋರ್‌ವೆಲ್ ಬತ್ತಿತ್ತು. ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ, ಟ್ಯಾಂಕರ್ ಬರುತ್ತಿದ್ದುದು ಲಕ್ಕಣ್ಣನ ಮನೆ ಪಕ್ಕದ ಓಣಿಯಲ್ಲಿ. ಅವನು ತನ್ನ ಹಳೇ ಟಿಪ್ಪರನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿಸಿ, ಅಡಿಯಲ್ಲಿ ಕಲ್ಲು ಕೊಟ್ಟ. ಕೇಳಿದವರಿಗೆ, "ಗಾಡಿ ಕೆಟ್ಟೈತೆ. ಎಗಲ್ ಮೇಲೆ ಒತ್ಕೊಂಡ್ ಓಗ್ಲಾ?" ಅಂದ. ಮನುಷ್ಯರು ಅಡ್ಡಕ್ಕೆ ತಿರುಗಿ ನುಸುಳಬಹುದಿತ್ತು. ಟ್ಯಾಂಕರ್ ನುಸುಳುವಂತಿರಲಿಲ್ಲ.

ಹಾಗಾಗಿ ಬೇರೆಯವರು ಹಸಿದವರ ಜೊತೆ ಊರೊಳಗೆ ಕೂತು ಓದುವ ಪುಸ್ತಕವನ್ನು ಲಕ್ಕಣ್ಣ ಮುತ್ತಿಗೆ ಹಾಕಿದವರ ಜೊತೆ ಊರ ಹೊರಗೆ ನಿಂತು ಓದಿದ.

"ಇನ್ನೇನು ಕೈ ಎತ್ತುತಾರೆ ನೋಡು," ಎಂದು ಜಗಲಿಯಿಂದಲೇ ಹೆಂಡತಿಗೆ ಹೇಳಿದ. "ಬ್ರೆಡ್ಡಿಗೆ ಮರದ ಪುಡಿ ಬೆರೆಸ್ಕೊಂಡು ತಿಂತಾವ್ರೆ."

ಹೆಂಡತಿ ಪಟಾಲಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದಳು. "ಯಾರು?"

"ರಷ್ಯಾದೋರು ಕಣೇ."

"ನಾನು ನಮ್ ಮುನಿಯಲ್ಲಮ್ಮ ಅನ್ಕಂಡೆ."

"ಬಾಯ್ ಮುಚ್ಕೊಂಡು ಹಣ್ಣು ಕುಟ್ಟು."

ರಷ್ಯಾದವರು ಕೈ ಎತ್ತಲಿಲ್ಲ. ಚರ್ಮದ ಬೆಲ್ಟು ಬೇಯಿಸಿ ತಿಂದರು. ಬಡಗಿಯ ಅಂಟು ಕಾಯಿಸಿ ಕುಡಿದರು. ಸತ್ತವರನ್ನು ಮಕ್ಕಳ ಹಿಮಗಾಡಿಗೆ ಕಟ್ಟಿ ಹಿಮದ ಮೇಲೆ ಎಳೆದುಕೊಂಡು ಹೋದರು. ಓದುತ್ತ ಓದುತ್ತ ಲಕ್ಕಣ್ಣನಿಗೆ ಸಿಟ್ಟು ಏರಿತು. ಇಷ್ಟಾದ ಮೇಲೂ ಸೋಲು ಒಪ್ಪದಿರುವುದು ಯಾವ ನ್ಯಾಯ? ಒಳಗೆ ಏನೋ ಹೋಗುತ್ತಿರಬೇಕು, ಇಲ್ಲದಿದ್ದರೆ ಇಷ್ಟು ದಿನ ತಡೆಯುವುದುಂಟೆ ಅಂದುಕೊಂಡ. ಮುಂದಿನ ಅಧ್ಯಾಯದಲ್ಲಿ ಅದು ಸಿಕ್ಕಿತು. ಊರ ಪಕ್ಕದ ದೊಡ್ಡ ಸರೋವರ ಚಳಿಗೆ ಹೆಪ್ಪುಗಟ್ಟಿದಾಗ, ಆ ಮಂಜುಗಡ್ಡೆಯ ಮೇಲೆಯೇ ಲಾರಿ ಓಡಿಸಿ ದವಸ ಸಾಗಿಸಿದ್ದರು.

ಲಕ್ಕಣ್ಣ ಪುಸ್ತಕವನ್ನು ಕುರ್ಚಿಯ ಮೇಲೆ ಕವುಚಿಟ್ಟು ಎದ್ದ. ಟೆರೇಸು ಹತ್ತಿ ಹಿಂದೆ ನೋಡಿದ. ಹೌದು, ಅಲ್ಲೂ ಒಂದು ದಾರಿ ಇತ್ತು. ಆಚೆ ಬದಿಯ ಮುರುಗೇಶನ ಮನೆಯಿಂದ ಕಾಂಪೌಂಡ್ ದಾಟಿ ಒಂದು ಹಸಿರು ಪೈಪು ಮುನಿಯಲ್ಲಮ್ಮನ ಡ್ರಮ್ಮಿಗೆ ಇಳಿದಿತ್ತು.

ಸೀದಾ ಮುರುಗೇಶನ ಬಾಗಿಲಿಗೆ ಹೋದ. "ಏನೋ, ಧರ್ಮಛತ್ರ ಇಟ್ಟಿದ್ದೀಯಾ? ನಿನ್ನ ಮನೆ ಮೆಟ್ಟಿಲು ರಸ್ತೆಗೆ ಒಂದಡಿ ಬಂದೈತೆ. ಒಡೆಸ್ಲಾ?"

"ಅಣ್ಣಾ, ಕುಡಿಯೋ ನೀರು ಅಣ್ಣಾ."

"ಪೈಪ್ ಎಳ್ಕೋ."

ಮುರುಗೇಶ ಪೈಪು ಎಳೆದುಕೊಂಡ. ಪುಸ್ತಕದಿಂದ ಲಕ್ಕಣ್ಣನಿಗೆ ಇಷ್ಟು ಉಪಯೋಗವಾದದ್ದು ಅದೇ ಮೊದಲು. ಮುನಿಯಲ್ಲಮ್ಮ ಮಾರನೆಯ ದಿನದಿಂದ ಹೊರಗಿಂದ ನೀರು ತರಲು ಸೊಂಟದಲ್ಲಿ ಒಂದು, ಕೈಯಲ್ಲಿ ಒಂದು ಬಿಂದಿಗೆ ಹಿಡಿದು ಟಿಪ್ಪರಿಗೂ ಗೋಡೆಗೂ ನಡುವೆ ನುಸುಳತೊಡಗಿದಳು. ಜಗಲಿಯ ಮುಂದೆ ಬಂದಾಗ ಒಮ್ಮೆ ನಿಂತು, "ಭಾವ, ನಿಮ್ ಗಾಡಿ ತುಕ್ಕಿಡೀತೈತೆ, ನೋಡ್ಕಳಿ," ಅಂದಳು.

"ನಿನ್ ಜಂಬ ತುಕ್ಕಿಡೀಲಿ, ಓಗು."

ಆಮೇಲೆ ಬೀಜದ ಅಧ್ಯಾಯ ಬಂತು.

ಆ ನಗರದಲ್ಲಿ ಬಿತ್ತನೆ ಬೀಜ ಕೂಡಿಡುವ ಒಂದು ಸಂಸ್ಥೆ ಇತ್ತು. ದೇಶದೇಶಗಳಿಂದ ತಂದ ಗೋಧಿ, ಅಕ್ಕಿ, ಕಾಳು. ಅದನ್ನು ಕಾಯುತ್ತಿದ್ದವರು ಆ ಚೀಲಗಳ ನಡುವೆಯೇ ಹಸಿದು ಸತ್ತರು. ಭತ್ತದ ಉಸ್ತುವಾರಿ ನೋಡುತ್ತಿದ್ದವನು ಭತ್ತದ ಪಕ್ಕದಲ್ಲಿ ಸತ್ತ. ಬೀಜ ಮುಟ್ಟಲಿಲ್ಲ.

ಲಕ್ಕಣ್ಣ ಆ ಪುಟ ಮತ್ತೆ ಓದಿದ. ಬೆಲ್ಟು, ಅಂಟು, ಹೆಣ ಎಲ್ಲ ಅವನಿಗೆ ದೂರದವರ ಸಂಗತಿ. ಇದು ಹಾಗಲ್ಲ. ಅವನ ಅವ್ವ ಬಿತ್ತನೆ ರಾಗಿಯನ್ನು ಬೂದಿ ಬೆರೆಸಿ ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲಿಡುತ್ತಿದ್ದಳು. ಒಂದು ವರ್ಷ ಮನೆಯಲ್ಲಿ ಹಿಟ್ಟಿಲ್ಲದೆ ಹುಣಸೆಬೀಜ ಹುರಿದು ತಿಂದಿದ್ದರು. ಮಡಕೆ ತೋರಿಸಿ ತಮ್ಮ ಅತ್ತಿದ್ದ. ಅವ್ವ ಬೆನ್ನಿಗೆ ಎರಡು ಬಿಟ್ಟಳೇ ಹೊರತು ಮಡಕೆ ಇಳಿಸಲಿಲ್ಲ.

ಮತ್ತೆ ಟೆರೇಸಿಗೆ ಹೋದ. ಮುನಿಯಲ್ಲಮ್ಮ ತನ್ನ ತಾರಸಿಯ ಮೇಲೆ ಪೇಂಟ್ ಬಕೆಟುಗಳಲ್ಲಿ ಗಿಡ ಹಾಕಿದ್ದಳು. ದಂಟು, ಮೆಣಸಿನಕಾಯಿ ಎಲ್ಲ ಒಣಗಿ ಕಡ್ಡಿಯಾಗಿದ್ದವು. ಒಂದು ಹೀರೆಬಳ್ಳಿ ಮಾತ್ರ ಹಸಿರಾಗಿತ್ತು. ಅದರಲ್ಲಿ ಒಂದೇ ಕಾಯಿ, ಬಲಿತು ಹಳದಿಗೆ ತಿರುಗಿದ್ದು. ಯಾರೂ ಕೀಳದಿರಲೆಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದಳು. ಅವಳು ಬಂದು ಮುಖ ತೊಳೆದಳು. ಕೆಳಗೆ ಹಿಡಿದಿದ್ದ ಬೋಗುಣಿಯ ನೀರನ್ನು ಆ ಬಳ್ಳಿಯ ಬುಡಕ್ಕೆ ಸುರಿದು ಒಳಗೆ ಹೋದಳು.

ಇವಳು ಬೀಜಕ್ಕೆ ಬಿಟ್ಟಿದ್ದಾಳೆ. ಮುಂದಿನ ಮಳೆಗೆ ಇಲ್ಲೇ ಬಿತ್ತುತ್ತಾಳೆ. ಟಿಪ್ಪರ್ ಮಣ್ಣಾಗುತ್ತದೆ, ಇವಳು ಸೈನ್ ಹಾಕಲ್ಲ.

ಕನಿಕರವೇನೂ ಅಲ್ಲ. ಲೆಕ್ಕ ತಪ್ಪಿದೆ ಎಂದು ತಿಳಿದವನ ಸಿಟ್ಟಿನಲ್ಲೇ ಕೆಳಗಿಳಿದು, ಮೆಕ್ಯಾನಿಕ್ ಜಗನ್ನನಿಗೆ ಫೋನ್ ಮಾಡಿ ಬೈದ. "ಚಕ್ರ ತಗಲಾಕೋಕೆ ನಿನಗೆ ಮುಹೂರ್ತ ಬೇಕೇನೋ?"

"ಅಣ್ಣಾ, ನೀವೇ ಬಿಚ್ಚು ಅಂದಿದ್ದು."

"ಈಗ ಆಕು ಅಂತೀನಿ!"

ನಾಗಭೂಷಣನಿಗೂ ಹೇಳಿದ: ನನ್ನೊಬ್ಬನ ಜಾಗದಲ್ಲಿ ಕಟ್ಟೋದಾದರೆ ಕಟ್ಟು, ಇಲ್ಲದಿದ್ದರೆ ನಿನ್ನ ದಾರಿ ನೋಡ್ಕೋ. ನಾಗಭೂಷಣ ತನ್ನ ದಾರಿ ನೋಡಿಕೊಂಡ.

ಸಂಜೆ ಟಿಪ್ಪರ್ ಹೊಗೆ ಕಾರುತ್ತ ಓಣಿ ಬಿಟ್ಟಿತು. ಹಿಂದೆಯೇ ಟ್ಯಾಂಕರ್ ಬಂತು. ಮುನಿಯಲ್ಲಮ್ಮ ಬಾಗಿಲಲ್ಲಿ ನಿಂತು, "ಏನ್ ಭಾವ, ಗಾಡಿ ತಾನಾಗೇ ರಿಪೇರಿ ಆಯ್ತಾ?" ಎಂದು ಕೂಗಿದಳು. ಲಕ್ಕಣ್ಣ ಪುಸ್ತಕದಲ್ಲಿ ಮುಖ ಹುದುಗಿಸಿದ.

ಕೊನೆಯ ಪುಟ ಮುಗಿಯುವ ಹೊತ್ತಿಗೆ ಪಟಾಲಮ್ಮ ಕಾಫಿ ತಂದಿಟ್ಟಳು. "ಕೊನೇಗೆ ಏನಾಯ್ತು ಅಲ್ಲಿ?"

"ಸುತ್ತ ಕೂತಿದ್ದೋರು ಎದ್ದೋದ್ರು."

"ಎಲ್ಲಿಗೆ?"

"ಇನ್ನೆಲ್ಲಿಗೆ, ಮನೆಗೆ," ಎಂದು ರೇಗಿ, ಕಾಫಿಗೆ ಸಕ್ಕರೆ ಸಾಲದು ಎಂದು ಲೋಟ ವಾಪಸು ಕೊಟ್ಟ.