ಕೆಮ್ಮು ಕತ್ತರಿಸುವವನು

ಅವನ ಕಸುಬೇ ಕೆಮ್ಮು ತೆಗೆಯುವುದು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಸ್ಟುಡಿಯೋ ಅದು. ಓದುವವರ ಗಂಟಲ ಕೆರೆತ, ಹಾಳೆ ಮಗುಚಿದ ಸದ್ದು, ಕುರ್ಚಿಯ ಕಿರುಗುಟ್ಟು, ಎಲ್ಲವನ್ನೂ ಹೆಕ್ಕಿ ತೆಗೆದು, ಎರಡು ತುದಿಗಳನ್ನು ಹೊಲಿಗೆ ಕಾಣದ ಹಾಗೆ ಕೂಡಿಸುತ್ತಿದ್ದ. ಜೊತೆಯವರು ಅವನಿಗೆ ಇಟ್ಟ ಹೆಸರೇ ಕತ್ತರಿ.

ಅವನ ಅಕ್ಕ ಅಲ್ಲೇ ಓದುತ್ತಿದ್ದಳು. ಹಳೆಯ ಕಾವ್ಯಗಳನ್ನು ಅವಳು ರಾಗವಾಗಿ ಎತ್ತಿಕೊಂಡರೆ ಹೊರಗೆ ಚಹಾ ತಂದವನೂ ಲೋಟ ಹಿಡಿದು ನಿಂತುಬಿಡುತ್ತಿದ್ದ. ಆದರೆ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಕೆಮ್ಮು. ಹುಟ್ಟಿದಂದಿನಿಂದ ಬೆನ್ನು ಬಿಡದ ಒದ್ದೆ ಕೆಮ್ಮು. ಚಿಕ್ಕಂದಿನಲ್ಲಿ ಅಮ್ಮ ಬೆಳಗ್ಗೆ ಎದ್ದ ಕೂಡಲೇ ಅವಳನ್ನು ಮಂಚದ ಅಂಚಿಗೆ ಬಗ್ಗಿಸಿ ಬೆನ್ನು ತಟ್ಟಿ ಕಫ ತೆಗೆಸುತ್ತಿದ್ದಳು. ಮನೆಯಲ್ಲಿ ಅದಕ್ಕೆ "ಧೂಳಿನ ಕೆಮ್ಮು" ಎಂದು ಹೆಸರು. ಮದುವೆಗೆ ಮುಂಚೆ ಹೆಂಡತಿಯ ಮನೆಯವರಿಗೂ ಕತ್ತರಿ ಹಾಗೆಯೇ ಹೇಳಿದ್ದ.

ಈಗ ಅವನಿಗೊಂದು ಮಗು. ಹೆಣ್ಣು. ಹೃದಯ ಎಡಕ್ಕಿಲ್ಲದೆ ಬಲಕ್ಕಿದೆ, ಒಳಗೋಡೆಯಲ್ಲಿ ದೊಡ್ಡ ತೂತಿದೆ, ಸ್ವಲ್ಪ ಮೈ ತುಂಬಿಕೊಂಡ ಮೇಲೆ ಆಪರೇಷನ್ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದ್ದರು. ಅಕ್ಕ ನೋಡಲು ಬಂದ ದಿನ ಕತ್ತರಿ ಬಾಗಿಲಲ್ಲೇ ಅಡ್ಡ ನಿಂತ. "ಒಳಗೆ ಬರ್ಬೇಡ ಕಣೇ. ನಿನ್ನ ಕೆಮ್ಮು ಮಗೂಗೆ ಅಂಟಿಬಿಡುತ್ತೆ." ಅವಳು ಒಂದು ಚಪ್ಪಲಿ ಬಿಚ್ಚಿಯಾಗಿತ್ತು. ಅದಕ್ಕೆ ಮತ್ತೆ ಕಾಲು ತೂರಿಸಿ, "ಸರಿ ಬಿಡು, ದೊಡ್ಡವಳಾದ್ಮೇಲೆ ನೋಡ್ತೀನಿ" ಎಂದು ಮೆಟ್ಟಿಲಿಳಿದಳು. ಕೆಮ್ಮನ್ನು ತಡೆದುಕೊಂಡಿದ್ದು ಅವಳ ಹೆಗಲಲ್ಲಿ ಕಾಣುತ್ತಿತ್ತು. ಬೀದಿಯ ತಿರುವು ದಾಟಿದ ಮೇಲೆಯೇ ಅದು ಕೇಳಿಸಿದ್ದು.

ಆಪರೇಷನ್ ಹತ್ತಿರವಾಗಿ ಮಗುವನ್ನು ಆಸ್ಪತ್ರೆಗೆ ಸೇರಿಸಿದಾಗ ಹೃದಯದ ಡಾಕ್ಟರಮ್ಮ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಕೇಳಿದರು.

"ಮಗೂಗೆ ಹುಟ್ಟಿದಾಗಿಂದ ಮೂಗು ಕಟ್ಟೇ ಇದೆ, ಎದೇಲಿ ಗೊರಗೊರ ನಿಂತಿಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಹುಟ್ಟಿನಿಂದ ಒದ್ದೆ ಕೆಮ್ಮು ಇದ್ಯಾ?"

"ಯಾಕೆ ಡಾಕ್ಟ್ರೇ?"

"ಉಸಿರಿನ ದಾರೀಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಇರ್ತವೆ. ಪೊರಕೆ ಹಾಗೆ ಕಫಾನ ಮೇಲಕ್ಕೆ ಗುಡಿಸ್ತಾ ಇರ್ತವೆ. ಮಗು ಹೊಟ್ಟೇಲಿ ರೂಪ ತಳೀವಾಗ ಅಂಥವೇ ರೋಮ ಸುಳಿ ಎಬ್ಬಿಸಿ ಎಡ ಯಾವುದು, ಬಲ ಯಾವುದು ಅಂತ ತೋರಿಸ್ತವೆ. ಅವು ಸರಿಯಾಗಿ ಆಡದಿದ್ರೆ ಹೃದಯಾನೂ ದಾರಿ ತಪ್ಪಬಹುದು. ಎರಡಕ್ಕೂ ಬೇರು ಒಂದೇ ವಂಶವಾಹಿ ಇರಬಹುದು. ಹಾಗೇನಾದ್ರೂ ಇದ್ರೆ ಆಪರೇಷನ್ ಆದ್ಮೇಲೆ ಶ್ವಾಸಕೋಶದಲ್ಲಿ ಕಫ ಕಟ್ಟಿ ಮಗು ಕೈತಪ್ಪೋ ಭಯ. ಮುಂಚೇನೇ ಗೊತ್ತಾದ್ರೆ ನಾವು ತಯಾರಿರ್ತೀವಿ."

ಹೆಂಡತಿ ಅವನ ಕಡೆ ತಿರುಗಿದಳು. ಅವನು ಮೇಜಿನ ಗಾಜಿನ ಮೇಲೆ ಕಣ್ಣು ನೆಟ್ಟ. ವಂಶ ಎಂಬ ಮಾತಿಗೇ ಅವನ ಮೈ ಹಿಡಿಯಾಗಿತ್ತು.

"ಇಲ್ಲ. ಯಾರಿಗೂ ಇಲ್ಲ."

"ನಿಮ್ಮ ಅಕ್ಕ..." ಎಂದಳು ಹೆಂಡತಿ.

"ಅದು ಧೂಳಿಂದ. ನಿಂಗೆ ಗೊತ್ತಿಲ್ವಾ?"

ಡಾಕ್ಟರಮ್ಮ ಏನೋ ಬರೆದುಕೊಂಡರು.

ಮರುದಿನ ಸ್ಟುಡಿಯೋದಲ್ಲಿ ಅಕ್ಕನ ಓದು ಅವನ ಕೈಗೆ ಬಂತು. ಯುದ್ಧಕ್ಕೆ ಹೊರಟ ಮಗನನ್ನು ತಾಯಿ ಬೀಳ್ಕೊಡುವ ಭಾಗ. ಪದ್ಯ ಏರಿ, ಇಳಿದು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕೆಮ್ಮು. ಅದರ ಬೆನ್ನಿಗೇ, ಎಂದಿನಂತೆ ಅವನಿಗೆಂದೇ ಬಿಟ್ಟ ಅವಳ ಪಿಸುಮಾತು: "ತಮ್ಮಾ, ಇದನ್ನ ತೆಗೆದುಬಿಡಪ್ಪ. ಆ ತಾಯಿ ಅಳ್ಬೇಕಾದ ಜಾಗದಲ್ಲಿ ಕೆಮ್ಮಿದ್ರೆ ಮಗ ವಾಪಸ್ ಬಂದುಬಿಟ್ಟಾನು."

ನಗು ಬರಲಿಲ್ಲ. ಬೆರಳು ಗುಂಡಿಯ ಮೇಲೇ ನಿಂತಿತು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿದ. ಕೆಮ್ಮಿಗೆ ಮುಂಚೆ, ಎದೆಯ ಆಳದಲ್ಲಿ, ಕಿರಿದಾದ ಬಾಯಿಯ ಬಾಟಲಿಯಿಂದ ನೀರು ಹೊರಡುವಾಗಿನಂಥ ಗುಳಗುಳ. ರಾತ್ರಿಯೆಲ್ಲ ಎದೆಗವಚಿಕೊಂಡು ಓಡಾಡುವಾಗ ಮಗಳ ಬೆನ್ನಿನಿಂದ ಅವನ ಅಂಗೈಗೆ ಬರುತ್ತಿದ್ದುದು ಅದೇ. ವರ್ಷಗಟ್ಟಲೆ ಕೇಳಿಯೂ ಕಸವೆಂದು ಎಸೆದ ಸದ್ದು. ಬಾಯಿಂದ ಸುಳ್ಳು ಹೇಳಿಸಬಹುದಿತ್ತು, ಕಿವಿಯಿಂದ ಹೇಳಿಸುವುದು ಅವನಿಂದಾಗಲಿಲ್ಲ.

ಅಕ್ಕ ಓದುವ ಕೋಣೆಯಲ್ಲಿದ್ದಳು. ಅವನು ಒಳಗೆ ಹೋಗಿ ದಪ್ಪ ಬಾಗಿಲು ಹಾಕಿದ.

"ಏನೋ ಕತ್ತರಿ, ಮತ್ತೆ ಓದ್ಬೇಕಾ?"

"ಅಕ್ಕಾ, ಆಸ್ಪತ್ರೆಗೆ ಬರ್ತೀಯಾ?"

ಅವಳ ಮುಖ ಬಿಳಿಚಿಕೊಂಡಿತು. "ಮಗು...?"

"ಚೆನ್ನಾಗಿದೆ. ಡಾಕ್ಟ್ರಿಗೆ ನಿನ್ನ ತೋರಿಸ್ಬೇಕು."

"ನನ್ನನ್ನಾ? ನನ್ನ ಕೆಮ್ಮು ಅಂಟುತ್ತೆ ಅಂದ್ಯಲ್ಲೋ."

"ಅಂಟಲ್ಲ."

"ಯಾರಂದ್ರು?"

ಅವನು ಮೈಕಿನ ತಂತಿಯನ್ನು ಸುಮ್ಮನೆ ಸರಿಪಡಿಸಿದ. ಅವಳು ಇನ್ನೊಂದು ಪ್ರಶ್ನೆ ಕೇಳದೆ ಚೀಲ ಹೆಗಲಿಗೇರಿಸಿದಳು. ಕೇಳಿದ್ದರೇ ವಾಸಿಯಿತ್ತು.

ಆಸ್ಪತ್ರೆಯಲ್ಲಿ, ಹೆಂಡತಿಯ ಎದುರಿಗೇ, ಅಕ್ಕನದು ಹುಟ್ಟಿನಿಂದ ಬಂದ ಕೆಮ್ಮು ಎಂದು ಅವನು ಹೇಳಿದ ಮೇಲೆ ಡಾಕ್ಟರಮ್ಮ ಅವಳ ಎದೆಗೆ ಕೊಳವೆ ಇಟ್ಟು, ಕೆಮ್ಮಿಸಿ, ಕಿವಿ ಮೂಗು ನೋಡಿದರು. ಹೃದಯ ಎಡಕ್ಕೇ ಇತ್ತು.

"ಒಂದೇ ಮನೇಲೂ ಹೀಗಾಗುತ್ತೆ. ರೋಮ ಆಡದಿದ್ರೆ ಹೃದಯ ಯಾವ ಕಡೆ ಹೋಗುತ್ತೆ ಅನ್ನೋದು ನಾಣ್ಯ ಚಿಮ್ಮಿದ ಹಾಗೆ. ಇವರ ರಕ್ತ, ಮಗುವಿನ ರಕ್ತ ಎರಡನ್ನೂ ಹೋಲಿಸಿದ್ರೆ ಖಚಿತ ಆಗುತ್ತೆ. ಅಲ್ಲೀವರೆಗೆ ಇದೇ ಇದೆ ಅಂತಲೇ ನಡ್ಕೊಳ್ತೀವಿ. ಮೊದಲು ಮಗುವಿನ ಎದೆ ಶುದ್ಧವಾಗ್ಲಿ, ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕೋಣ." ಹೆಂಡತಿಯ ಕಡೆ ತಿರುಗಿ, "ಇದು ಅಪ್ಪನ ಕಡೆಯಿಂದ ಒಂದು ಪಾಲು, ಅಮ್ಮನ ಕಡೆಯಿಂದ ಒಂದು ಪಾಲು ಸೇರಿದ್ರೇನೇ ಬರೋದು. ಯಾರ ತಪ್ಪೂ ಅಲ್ಲ" ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು. "ಆದ್ರೆ ನೀವು ಮನೇಲಿ ಯಾರಿಗೂ ಇಲ್ಲ ಅಂದಿದ್ರಲ್ಲ?"

ನೆಲ ಬಾಯಿಬಿಟ್ಟಿದ್ದರೆ ಅವನು ಎದ್ದು ತಾನಾಗಿಯೇ ಇಳಿದುಹೋಗುತ್ತಿದ್ದ. ಅಕ್ಕ ಅವನನ್ನೇ ನೋಡಿದಳು, ಪದ್ಯದಲ್ಲಿ ಒಂದು ಸಾಲು ಬಿಟ್ಟುಹೋದಾಗ ನೋಡುವ ಹಾಗೆ.

"ಕತ್ತರಿಸೋದು ಅವನ ಕಸುಬು ಡಾಕ್ಟ್ರೇ," ಎಂದಳು ಮೆಲ್ಲಗೆ. "ಕೈ ತಡೆಯಲ್ಲ."

ಯಾರೂ ನಗಲಿಲ್ಲ.

"ನಂಗೆ ನಾಚಿಕೆ ಆಯ್ತು," ಎಂದ ಅವನು. ಇನ್ನೂ ಹೇಳಬೇಕಿತ್ತು.

ಹೊರಗಿನ ಕಾರಿಡಾರಿನಲ್ಲಿ ಹೆಂಡತಿ ಅಕ್ಕನ ಕೈ ಹಿಡಿದುಕೊಂಡಳು. "ಅಕ್ಕಾ, ನರ್ಸು ಬೆನ್ನು ತಟ್ಟೋದು ಕಲೀಬೇಕು ಅಂದ್ರು. ನಿಮ್ಮಮ್ಮ ನಿಮಗೆ ಹೇಗೆ ತಟ್ಟುತ್ತಿದ್ರು? ತೋರಿಸ್ತೀರಾ?"

ಅಕ್ಕ ತಲೆ ಎತ್ತಿದಳು. ಮಗುವಿದ್ದ ಕೋಣೆಯ ಬಾಗಿಲು ಎದುರಿಗೇ ಇತ್ತು. ಅದರ ಹೊಸ್ತಿಲ ಹತ್ತಿರಕ್ಕೂ ಅವಳು ಹೋಗಿರಲಿಲ್ಲ.

"ಮಗುವಿನ ಮೇಲೆ ಆಮೇಲೆ, ನರ್ಸು ನಿಂತಿರೋವಾಗ. ಮೊದ್ಲು ಅಂಗೈನ ಬಟ್ಟಲಿನ ಹಾಗೆ ಮಾಡೋದು ಕಲಿ." ತಮ್ಮನ ಕಡೆ ತಿರುಗಿದಳು. "ಬಗ್ಗೋ."

"ಇಲ್ಲೇನಾ?"

"ಯಾಕೆ, ಜನ ನೋಡ್ತಾರಾ?"

ಜನ ನೋಡುತ್ತಲೇ ಇದ್ದರು. ಗಾಡಿ ತಳ್ಳುತ್ತಿದ್ದ ಆಯಾ ನಿಂತಳು, ಬೆಂಚಿನ ಮೇಲಿನ ಮುದುಕರು ಕತ್ತು ಚಾಚಿದರು. ಕತ್ತರಿ ಗೋಡೆಯ ಬದಿಯ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ. ಅಕ್ಕನ ಅಂಗೈ ಅವನ ಬೆನ್ನಿಗೆ ಬಿತ್ತು. ಹೊಡೆತವಲ್ಲ, ಟೊಳ್ಳಾದ, ಗಾಳಿ ತುಂಬಿದ ಸದ್ದು. ಚಿಕ್ಕಂದಿನಲ್ಲಿ ಬೆಳಗ್ಗೆ ಅರೆನಿದ್ದೆಯಲ್ಲಿ ಮಗ್ಗುಲ ಮಂಚದಿಂದ ಕೇಳುತ್ತಿದ್ದ ಸದ್ದು. ಆಗೆಲ್ಲ ಅವನು ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ.

"ಕೆಳಗಿಂದ ಮೇಲಕ್ಕೆ," ಎನ್ನುತ್ತಿದ್ದಳು ಅಕ್ಕ. "ಬೆನ್ನುಮೂಳೆ ಬಿಟ್ಟು. ಕಂದನಿಗೆ ಇನ್ನೂ ಮೆತ್ತಗೆ, ಎರಡೇ ಬೆರಳಿಂದ. ಈಗ ನೀನು ತಟ್ಟು ನೋಡೋಣ."

ಹೆಂಡತಿಯ ಅಂಗೈ ಅಳುಕುತ್ತ ಬಿತ್ತು. ಅಷ್ಟರಲ್ಲಿ ಅಕ್ಕನಿಗೆ ಕೆಮ್ಮು ಬಂತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಉದ್ದಕ್ಕೆ, ಮನಸಾರೆ ಕೆಮ್ಮಿದಳು. ಅವನು ಬಗ್ಗಿಕೊಂಡೇ ಅದನ್ನು ಕೊನೆಯವರೆಗೂ ಕೇಳಿದ.

"ಏಳೋ, ಸಾಕು," ಎಂದಳು.

ಅವನು ಏಳಲಿಲ್ಲ. ಎದ್ದರೆ ಮುಖ ಕಾಣುತ್ತಿತ್ತು.