ಎರಡನೆಯ ಚಪ್ಪರ

ಅಗಡಿಯ ಆಚೆಗಿರುವ ಆ ಸಣ್ಣ ಊರಿನಲ್ಲಿ ಸಾಬರ ಮನೆಯ ಮದುವೆಗೆ ಎರಡು ಚಪ್ಪರ. ಒಂದು ಮನೆಯ ಮುಂದೆ, ಬೀಗರಿಗೆ. ಇನ್ನೊಂದು ಯಾವನಾದರೂ ಲಿಂಗಾಯತ ಗೆಳೆಯನ ಕಣದಲ್ಲಿ, ಊರವರಿಗೆ. ಅಲ್ಲಿ ಒಲೆ ಹೂಡುವವರೂ ಬಡಿಸುವವರೂ ಲಿಂಗಾಯತರೇ. ಮದುವೆ ಮನೆಯವರು ಗೋಧಿ, ಬೆಲ್ಲ, ತುಪ್ಪ ತಂದಿಟ್ಟು ಕೈಮುಗಿದು ಕರೆದರೆ ಸಾಕು. ಇದನ್ನು ಯಾರೂ ಅವಮಾನ ಎಂದುಕೊಂಡವರಲ್ಲ. ಎರಡನೆಯ ಚಪ್ಪರ ತುಂಬಿದರೆ ಆ ಮನೆಗೆ ಊರಿನಲ್ಲಿ ಬೆಲೆ ಇದೆ ಎಂದು ಬೀಗರಿಗೆ ತಿಳಿಯುತ್ತಿತ್ತು. ತುಂಬದಿದ್ದರೆ ಅದೂ ತಿಳಿಯುತ್ತಿತ್ತು.

ಗೂಡುಸಾಬ ಮಗಳು ರೋಷನಬಿಯ ಮದುವೆಗೆ ಒಂದು ಮನೆಯನ್ನೂ ಬಿಡದೆ ಕರೆದಿದ್ದ. ಊರವರ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಪೇಟೆಗೆ ಮುಟ್ಟಿಸುತ್ತಿದ್ದುದು ಅವನ ಚಕ್ಕಡಿಯೇ. ಅವನಿಗೆ ಪರಿಚಯವಿಲ್ಲದ ಪಡಸಾಲೆ ಊರಿನಲ್ಲಿರಲಿಲ್ಲ. ಜೊತೆಯಲ್ಲಿ ಹೊಲ ಮಾಡುತ್ತಿದ್ದ ಶಂಕ್ರಪ್ಪನ ಕಣದಲ್ಲಿ ಬೆಳಿಗ್ಗೆಯಿಂದ ಲಿಂಗಾಯತರ ಕೇರಿಯ ಗುತ್ತೆವ್ವ ಗೋಧಿ ಹುಗ್ಗಿ ಕುದಿಸುತ್ತಿದ್ದಳು.

ವರ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನ ಬರಬೇಕಾದ ದಿಬ್ಬಣದ ಲಾರಿ ರಾಣೆಬೆನ್ನೂರಿನ ಹತ್ತಿರ ಗಾಲಿ ಪಂಕ್ಚರಾಗಿ ನಿಂತುಬಿಟ್ಟಿತು. ಗೂಡುಸಾಬ ಪಟಾಕಿ ಸರ ಹಿಡಿದುಕೊಂಡು ಊರ ಬಾಗಿಲಲ್ಲಿ ಕಾಯುತ್ತ, ಕಾಣದ ಡ್ರೈವರನನ್ನು ಬಯ್ಯುತ್ತ ನಿಂತ. ಎದುರಿಗೆ ಪ್ರಭುಲಿಂಗಪ್ಪನ ಕಿರಾಣಿ ಅಂಗಡಿಯಲ್ಲಿ ರೇಡಿಯೋದ ಸುತ್ತ ಜನ ಮುತ್ತಿದ್ದರು. ಶಾರ್ಜಾದಲ್ಲಿ ಕ್ರಿಕೆಟ್ಟು ನಡೆದಿದೆ ಎಂಬುದು ಅವನ ಕಿವಿಗೆ ಬಿದ್ದಿತ್ತು. ಅದು ಪಾಕಿಸ್ತಾನದ ಜೊತೆಗಿನ ಆಟ, ಕೊನೆಯ ಚೆಂಡಿಗೆ ಬಂದು ನಿಂತಿದೆ ಎಂಬುದೆಲ್ಲ ಅವನಿಗೆ ಗೊತ್ತಿರಲಿಲ್ಲ. ಅವನ ಜೀವ ಲಾರಿಯ ಮೇಲಿತ್ತು.

ಹೊತ್ತು ಇಳಿಯುವಾಗ ತಿರುವಿನಲ್ಲಿ ಲಾರಿಯ ಹಾರನ್ ಕೇಳಿತು. ಗೂಡುಸಾಬ ಸರಕ್ಕೆ ಕಡ್ಡಿ ಗೀರಿದ. ಪಟಾಕಿ ಸಿಡಿದು ಹೊಗೆ ಎದ್ದಿತು. ಖುಷಿಯಲ್ಲಿ ಅಂಗಡಿಯ ಕಡೆ ತಿರುಗಿ ಕೂಗಿದ: "ಏ, ಏನ್ ಕುಂತೀರ್ಯೋ ಅಲ್ಲಿ, ಎಲ್ಲಾರೂ ಏಳ್ರಿ! ಉಣ್ಣಾಕ ಬರ್ರಿ, ಹುಗ್ಗಿ ಐತಿ!"

ಯಾರೋ ರೇಡಿಯೋದ ಕಿವಿ ತಿರುವಿ ಬಂದ್ ಮಾಡಿದರು.

ನಿಕಾಹ್ ಮುಗಿಯಿತು. ಕಣದಲ್ಲಿ ಎಲೆ ಹಾಸಿ ನೀರು ಚಿಮುಕಿಸಿದ್ದಾಯಿತು. ಒಬ್ಬನೂ ಬರಲಿಲ್ಲ. ಬಂದವನು ಶಂಕ್ರಪ್ಪ ಒಬ್ಬನೇ, ಅದೂ ಓಡುತ್ತ.

"ಲೇ ಗೂಡ್ಯಾ, ಎಂಥಾ ಕೆಲಸಾ ಮಾಡಿದ್ಯೋ!"

"ಏನ್ ಮಾಡೇನಿ? ಮಗಳ ಲಗ್ನಾ ಮಾಡೇನಿ."

"ಪಾಕಿಸ್ತಾನದವ್ರು ಸಿಕ್ಸರ್ ಹೊಡದು ಗೆದ್ದ ಕೂಡ್ಲೇ ಪಟಾಕಿ ಹಚ್ಚಿದ, ಮ್ಯಾಲ ಹುಗ್ಗಿ ಉಣ್ಣಾಕ ಕರದ ಅನ್ನಾಕತ್ತಾರ."

"ಅವರ ಬಾಯಾಗ ಮಣ್ಣ ಹಾಕ! ಬೀಗರ ಲಾರಿ ಬಂತು, ಹಚ್ಚಿದ್ನಿ. ಹುಗ್ಗಿ ನಿನ್ನ ಕಣದಾಗ ಮುಂಜಾನಿಂದ ಕುದ್ಯಾಕತ್ತೈತಿ. ಶಾರ್ಜಾದಾಗ ಏನಕ್ಕೈತಿ ಅಂತ ಗುತ್ತೆವ್ವಗ ಮೊದ್ಲ ಗೊತ್ತಿತ್ತೇನು?"

"ನನಗ ಗೊತ್ತೈತಪಾ. ಅವರಿಗೆ ಹೇಳಬೇಕಲ್ಲ. ಅಂಗಡಿ ಮುಂದ ಬಂದು ಒಮ್ಮಿ ಭಾರತ ಮಾತಾ ಕೀ ಜೈ ಅನ್ನು. ಮುಗೀತು, ಎಲ್ಲಾರೂ ಎದ್ದು ಬರ್ತಾರ."

ಗೂಡುಸಾಬನ ಕೈ ಹೊಡೆಯಲು ಎದ್ದಿತ್ತು. ಆದರೆ ಆಗಲೇ ಬೀಗರ ಹಿರಿಯನೊಬ್ಬ ನಿಮ್ಮೂರವರು ಬರಲಿಲ್ಲವೇ ಎಂದು ಕೇಳಿಯಾಗಿತ್ತು. ನಾಳೆ ರೋಷನಬಿ ಬಾಳಬೇಕಾದದ್ದು ಅವರ ಮನೆಯಲ್ಲಿ. ಅವನು ಕೈ ಇಳಿಸಿ ನಡೆದ.

ಅಂಗಡಿಯ ಮುಂದೆ ನಿಂತು ಜೈ ಅಂದ. ಶಾಲೆಯಲ್ಲಿದ್ದಾಗ ಪ್ರಭಾತಫೇರಿಯಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಅವನದೇ. ಆಗ ಆಕಾಶ ನೋಡುತ್ತ ಕೂಗುತ್ತಿದ್ದ, ಮೈ ಜುಮ್ಮೆನ್ನುತ್ತಿತ್ತು. ಈಗ ಎದುರಿಗಿದ್ದವರ ಮುಖ ನೋಡುತ್ತ ಕೂಗಿದ, ಇಷ್ಟು ಸಾಕೋ ಇನ್ನೂ ಬೇಕೋ ಎಂದು.

"ಕೇಳಸವಲ್ದು," ಎಂದು ಹಿಂದಿನಿಂದ ಒಬ್ಬ ಅಂದ.

ಮತ್ತೆ ಕೂಗಿದ. ಗಂಟಲು ಒಡೆಯಿತು. ಯಾರೋ ನಕ್ಕರು.

"ಆತೇಳಪಾ, ಮನೀಗ್ ಹೋಗು," ಅಂದ ಪ್ರಭುಲಿಂಗಪ್ಪ.

"ಊಟಕ್ಕ ಬರ್ರಿ ಸಾವ್ಕಾರ್ರ. ಎಲಿ ಹಾಸೈತ್ರಿ."

"ಇವತ್ತ ಯಾರಿಗೂ ಹಸಿವಿಲ್ಲ."

"ನಂಗ ಮ್ಯಾಚಿಂದು ಗೊತ್ತಿದ್ದಿಲ್ರಿ. ಬೀಗರು ಬಂದ್ರು ಅಂತ ಹಚ್ಚಿದ್ನಿರಿ. ಖರೇ ಹೇಳ್ತೇನ್ರಿ."

"ಖರೇ ಇದ್ರ ಜೈ ಅನ್ನಾಕ ಯಾಕ ಓಡಿ ಬಂದಿ?"

ಬಾರದಿದ್ದರೆ ದ್ರೋಹಿ, ಬಂದರೆ ಕಳ್ಳ. ಇಂಥ ಲೆಕ್ಕ ಹಾಕಿ ಕೂತವರಿಗೆ ಯಾವನು ಏನು ಹೇಳಬೇಕು? ಹುಟ್ಟಿದಾಗಿನಿಂದ ಕೇಳದೆ ಸಿಕ್ಕಿದ್ದ ಊರು-ದೇಶವನ್ನು ಗೂಡುಸಾಬ ಇವತ್ತು ಬೇಡಿಕೊಂಡಿದ್ದ, ಬೇಡಿದ ಮೇಲೆ ಅದು ಅವನದಾಗಿ ಉಳಿಯಲಿಲ್ಲ. ಇನ್ನು ಆ ಜೈಕಾರವನ್ನು ಎಲ್ಲಿ ಕೇಳಿದರೂ ಅವನಿಗೆ ಈ ಅಂಗಡಿಯೇ ನೆನಪಾಗುವುದು.

ಕಣಕ್ಕೆ ಮರಳಿದಾಗ ಗುತ್ತೆವ್ವ ಹುಗ್ಗಿಯ ಕೊಪ್ಪರಿಗೆಗೆ ಮುತ್ತುವ ನೊಣ ಹೊಡೆಯುತ್ತಿದ್ದಳು.

"ಶಂಕ್ರ್ಯಾ, ನೀನರ ಕುಂದ್ರೋ," ಅಂದ ಗೂಡುಸಾಬ.

ಶಂಕ್ರಪ್ಪ ದಾರಿಯ ಕಡೆ ನೋಡಿದ. "ಒಂದ್ ಡಬ್ಬ್ಯಾಗ ಹಾಕಿಸಿ ಕೊಡು. ಮನಿಯಾಗ ಉಣ್ತೇನಿ. ಹುಡುಗ್ರೂ ಉಣ್ತಾವು."

"ನಿನ್ನ ಕಣಾ, ನಾ ಮಾಡಿದ ಅಡಿಗಿ, ಡಬ್ಬಿ ಬೇಕಂತ ನೋಡು ಇವಗ!" ಎಂದು ಬಯ್ದ ಗುತ್ತೆವ್ವ ಬಯ್ಯುತ್ತಲೇ ತುಂಬಿದಳು. ಶಂಕ್ರಪ್ಪ ಡಬ್ಬಿಯ ಮೇಲೆ ಟವೆಲ್ ಮುಚ್ಚಿಕೊಂಡ. ರಸ್ತೆ ಬಿಟ್ಟು ಬಣವೆಗಳ ಹಿಂದಿನಿಂದ ಹೋದ. ಗೂಡುಸಾಬನಿಗೆ ಅವನ ಮೇಲೆ ಸಿಟ್ಟು ಸಹ ಬರಲಿಲ್ಲ.

ಮನೆಯ ಮುಂದೆ ಬೀಗರ ಹಿರಿಯ ಕೈ ತೊಳೆಯುತ್ತಿದ್ದ. "ನಿಮ್ಮೂರವ್ರದು ಊಟ ಆತೇನ್ರಿ?" ಎಂದು ಮತ್ತೆ ಕೇಳಿದ.

"ಹೂಂನ್ರಿ," ಅಂದ ಗೂಡುಸಾಬ. "ಎಲ್ಲಾರೂ ಉಂಡು ಹೋದ್ರು."