ಕೆಂಪು ದೀಪ ಹತ್ತಿದ ಮೇಲೆ

ಹ್ಯಾಡ್ಲಿ ಮೂರು ದಿನ ಕೂತಿದ್ದ ಕುರ್ಚಿಯಲ್ಲೇ ನನ್ನನ್ನು ಕೂರಿಸಿದರು. ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ರಾಷ್ಟ್ರಾಧ್ಯಕ್ಷರು ಆರಿಸಿದ ನ್ಯಾಯಾಧೀಶ ಆತ. ಆ ಆಯ್ಕೆಗೆ ಸೆನೆಟ್ ಒಪ್ಪಬೇಕು; ಅದಕ್ಕೂ ಮೊದಲು ಸೆನೆಟ್ಟಿನ ಸಮಿತಿ ಆತನನ್ನೂ ಪರ-ವಿರೋಧದ ಸಾಕ್ಷಿಗಳನ್ನೂ ಕೂರಿಸಿ ಕೇಳುತ್ತದೆ. ಎದುರಿಗೇ ಇರುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಿಬಿಡುತ್ತೇನೆ ಎಂದುಕೊಂಡು ಹನ್ನೆರಡು ಗಂಟೆ ಚರ್ಚಿನ ವ್ಯಾನಿನಲ್ಲಿ ವಾಷಿಂಗ್ಟನ್ನಿಗೆ ಬಂದಿದ್ದೆ. ನನ್ನಂಥವರ ಸರದಿ ಕೊನೆಯ ದಿನ, ಆತ ಎದ್ದು ಹೋದ ಮೇಲೆ ಎಂದು ಯಾರೂ ಹೇಳಿರಲಿಲ್ಲ. ಶುಕ್ರವಾರದ ಮಧ್ಯಾಹ್ನ. ಎತ್ತರದ ಪೀಠದ ಇಪ್ಪತ್ತೆರಡು ಕುರ್ಚಿಗಳಲ್ಲಿ ನಾಲ್ಕರಲ್ಲಿ ಮಾತ್ರ ಸೆನೆಟರುಗಳಿದ್ದರು. ಉಳಿದವರಿಗೆ ವಿಮಾನದ ಹೊತ್ತಾಗಿತ್ತು.

ನನ್ನ ಬೆನ್ನ ಹಿಂದಿನ ಸಾಲು ಮಾತ್ರ ತುಂಬಿತ್ತು. ನನ್ನ ಗೆಳತಿ ಓಪಲ್ ಮತ್ತು ನಮ್ಮೂರಿನ ಆರು ಹೆಂಗಸರು. ಆ ಸೀಟುಗಳಿಗಾಗಿ ಅವರು ಬೆಳಗಿನ ಐದರಿಂದ ಚಳಿಯಲ್ಲಿ ಸಾಲು ನಿಂತಿದ್ದರು.

ನನ್ನ ಮೊಕದ್ದಮೆ ಸಣ್ಣದು. ಹದಿನಾಲ್ಕು ವರ್ಷ ಕೋಳಿ ಫ್ಯಾಕ್ಟರಿಯಲ್ಲಿ ಮೂಳೆ ಬಿಡಿಸಿದವಳು ನಾನು. ಪಕ್ಕದಲ್ಲಿ ಹೈತಿಯಿಂದ ಬಂದ ಯೋಲೆಟ್ ಡಾರ್ವಿಲ್. ಒಂದು ದಿನ ಅವಳ ಕೈಗವಸು ಕೋಳಿಗಳನ್ನು ಹೊತ್ತು ಓಡುವ ಸರಪಳಿಗೆ ಸಿಕ್ಕಿಕೊಂಡಿತು. ತಲೆಯ ಮೇಲಿನ ಹಗ್ಗ ಎಳೆದು ನಾನು ಸರಪಳಿ ನಿಲ್ಲಿಸಿದೆ. ನಿಲ್ಲಿಸುವ ಅಧಿಕಾರ ಮೇಲ್ವಿಚಾರಕನಿಗೆ ಮಾತ್ರ ಎಂದು ಅವತ್ತು ಸಂಜೆಯೇ ನನ್ನನ್ನು ಹೊರಗೆ ಹಾಕಿದರು. ಕೋರ್ಟಿಗೆ ಹೋದೆ. ಹ್ಯಾಡ್ಲಿ ತೀರ್ಪು ಬರೆದರು: ‘ಸಹೋದ್ಯೋಗಿಯ ಮೇಲಿನ ಕರುಣೆ ಶ್ಲಾಘನೀಯ. ಆದರೆ ಕರುಣೆಗೆ ಕಾನೂನಿನ ರಕ್ಷಣೆ ಇಲ್ಲ.’ ಶ್ಲಾಘನೀಯವಂತೆ! ಆ ಪದವನ್ನು ವರ್ಷಗಟ್ಟಲೆ ಅಗಿದಿದ್ದೇನೆ, ಇನ್ನೂ ಮೆತ್ತಗಾಗಿಲ್ಲ.

ತೀರ್ಪಿನಲ್ಲಿ ಇಲ್ಲದ ಸಂಗತಿಯೊಂದಿತ್ತು. ನಾನು ಹಗ್ಗವನ್ನು ತಕ್ಷಣ ಎಳೆಯಲಿಲ್ಲ. ಅದು ನನ್ನ ವಕೀಲೆ ಜೂಡಿತ್ ಕೆಸ್ಲರ್‌ಗೆ ಗೊತ್ತಿತ್ತು. ಮೂರು ಬೆರಳು ಕಳೆದುಕೊಂಡ ಯೋಲೆಟ್‌ಗೆ ನಾನು ಹೇಳಿರಲಿಲ್ಲ. ನಾಲ್ಕು ವರ್ಷ ಅವಳ ಕೈಯಡುಗೆ ಉಂಡಿದ್ದೆ, ಹೇಳಿರಲಿಲ್ಲ.

“ಅದನ್ನ ಮಾತ್ರ ಬಾಯಿ ಬಿಡ್ಬೇಡ,” ಜೂಡಿತ್ ಹೊರಗಿನ ಪಡಸಾಲೆಯಲ್ಲಿ ಮತ್ತೆ ಎಚ್ಚರಿಸಿದ್ದರು. “‘ನೋಡಿ, ಅವಳೇ ಹಿಂದೆ ಮುಂದೆ ನೋಡಿದ್ಲು’ ಅಂತ ಹ್ಯಾಡ್ಲಿ ಕಡೆಯವ್ರು ಕುಣೀತಾರೆ. ಕಾಗದದಲ್ಲಿ ಇರೋದನ್ನ ಓದು, ಎದ್ದು ಬಾ.”

ಮೇಜಿನ ಮೇಲೆ ಮೂರು ದೀಪಗಳ ಪುಟ್ಟ ಪೆಟ್ಟಿಗೆ. ಹಸಿರು ಹತ್ತಿತು, ಓದಿದೆ. ಹಳದಿ ಹತ್ತಿತು, ಇನ್ನೂ ಅರ್ಧ ಪುಟ ಇತ್ತು. ಕೆಂಪು ಹತ್ತಿತು.

ನಮ್ಮ ಫ್ಯಾಕ್ಟರಿಯಲ್ಲಿ ಕೆಂಪು ದೀಪ ಹತ್ತಿದರೆ ಸರಪಳಿ ನಿಂತಿದೆ ಎಂದರ್ಥ. ಗದ್ದಲ ಅಡಗುತ್ತದೆ. ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವುದು ಆಗ ಮಾತ್ರ. ಹದಿನಾಲ್ಕು ವರ್ಷ ನಾನು ಮಾತಾಡಿದ್ದೆಲ್ಲ ಕೆಂಪು ದೀಪದಲ್ಲೇ. ಕೈ ತಾನಾಗಿ ಕಾಗದವನ್ನು ಕೆಳಗಿಟ್ಟಿತು. ಕನ್ನಡಕ ತೆಗೆದು, ಭುಜ ಸಡಿಲಿಸಿ, “ನೋಡಿ, ಆ ದಿನ ನಿಜವಾಗಿ ಆಗಿದ್ದು...” ಎಂದು ಶುರುಮಾಡಿದೆ.

“ಮಿಸೆಸ್ ಪೆಟ್‌ವೇ, ನಿಮ್ಮ ಟೈಮ್ ಮುಗೀತು,” ಎಂದರು ಸಮಿತಿಯ ಅಧ್ಯಕ್ಷರು.

“ಹೌದು ಸ್ವಾಮಿ, ಕೆಂಪು ಬಂತಲ್ಲ. ಈಗ ಆರಾಮಾಗಿ ಮಾತಾಡ್ಬೋದು.”

ಯಾರೋ ನಕ್ಕರು. ಹಿಂದಿನಿಂದ ಓಪಲ್ ತಡೆಯಲಾರದೆ, “ಅಯ್ಯೋ ವರ್ಲೀನ್, ಇದು ಕೋಳಿ ಫ್ಯಾಕ್ಟ್ರಿ ಅಲ್ಲ ಕಣೇ!” ಎಂದಳು. ಪೊಲೀಸಿನವನು ಅವಳತ್ತ ಕಣ್ಣು ಬಿಟ್ಟ. ಇಲ್ಲಿ ಕೆಂಪೆಂದರೆ ಮಾತು ನಿಲ್ಲಿಸು ಎಂದು ಆಗ ಹೊಳೆಯಿತು ನನಗೆ. ಮುಖ ಉರಿದುಹೋಯಿತು. ಕಾಗದ ಮಡಿಸಿ ಏಳಲು ಹೊರಟೆ.

“ಅಧ್ಯಕ್ಷರೇ, ಒಂದ್ ನಿಮಿಷ,” ಎಂದಿತು ಪೀಠದ ತುದಿಯ ದನಿ. ನಮ್ಮದೇ ರಾಜ್ಯದ ಸೆನೆಟರ್ ಹಾಲಿಸ್ ಬ್ರಾಡಕ್. ರಾಷ್ಟ್ರಾಧ್ಯಕ್ಷರ ಪಕ್ಷದವರು, ಹ್ಯಾಡ್ಲಿಗೆ ಬೆಂಬಲ ಎಂದು ಆಗಲೇ ಸಾರಿದವರು. ಅವರ ಕಚೇರಿಗೆ ನಾನು ಹದಿನೇಳು ಸಲ ಫೋನ್ ಮಾಡಿ, ನನ್ನ ಅಭಿಪ್ರಾಯ ಹ್ಯಾಡ್ಲಿಗೆ ‘ವಿರುದ್ಧ’ ಎಂದು ಬರೆಸಿದ್ದೆ. “ಪ್ರಶ್ನೆ ಕೇಳೋಕೆ ನಂಗೆ ಐದು ನಿಮಿಷ ಇದೆ. ನನ್ನದು ಒಂದೇ ಪ್ರಶ್ನೆ. ಅಮ್ಮಾ, ಏನೋ ಹೇಳೋಕೆ ಹೊರಟಿದ್ರಲ್ಲ, ಏನದು?”

ಹಸಿರು ದೀಪ ಮತ್ತೆ ಹತ್ತಿತು. ಪಕ್ಕದಲ್ಲೇ ಕೂತಿದ್ದ ಜೂಡಿತ್ ನನ್ನ ತೋಳು ಒತ್ತಿದರು. ಮನೆಯಲ್ಲಿ ಟಿವಿಯ ಮುಂದೆ ಯೋಲೆಟ್ ಕೂತಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಹೇಳಿದರೆ ಅವಳನ್ನು ಕಳೆದುಕೊಳ್ಳಬಹುದು. ಹೇಳದಿದ್ದರೆ, ಇಷ್ಟು ದೂರ ಬಂದು ಹೇಳಿದ್ದೆಲ್ಲ ಅರ್ಧ.

“ನಾನು ತಕ್ಷಣ ಎಳೀಲಿಲ್ಲ,” ಎಂದೆ. “ಯೋಲೆಟ್ ಕಿರುಚಿದ್ಲು. ನಾನು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತ್ಕೊಂಡ್ತು. ಬಾಡಿಗೆ ನೆನಪಾಯ್ತು, ಮಗಳ ಇನ್ಸುಲಿನ್ ನೆನಪಾಯ್ತು. ಒಂಬತ್ತು ಕೋಳಿ ನನ್ನ ಮುಂದೆ ಹೋದ್ವು. ಎಣಿಸ್ಕೊಂಡೇ ಕೆಲಸ ಮಾಡೋರು ನಾವು, ಅದಕ್ಕೇ ಗೊತ್ತು. ಆಮೇಲೆ ಎಳೆದೆ. ಮೊದಲನೇ ಕೋಳಿಗೇ ಎಳೆದಿದ್ರೆ ಒಂದೇ ಬೆರಳು ಹೋಗ್ತಿತ್ತೋ ಏನೋ. ಮೂರು ಹೋದ್ವು. ಆ ಪಾಪ ನಂದು, ಹ್ಯಾಡ್ಲಿ ಸಾಹೇಬ್ರದ್ದಲ್ಲ. ಆದ್ರೆ ಅವ್ರು ಬರೆದ ಆ ತೀರ್ಪನ್ನ ನಮ್ಮ ಫ್ಯಾಕ್ಟ್ರಿ ಊಟದ ಕೋಣೆ ಗೋಡೆಗೆ ಅಂಟಿಸಿದಾರೆ. ಇನ್ಮೇಲೆ ಕೈ ಎತ್ತೋಳು ಅದನ್ನ ಓದ್ಕೊಂಡು ಬಂದೇ ಎತ್ಬೇಕು. ಅವಳು ಎಷ್ಟು ಕೋಳಿ ಬಿಡ್ತಾಳೆ? ಇಪ್ಪತ್ತು? ಮೂವತ್ತು? ಆ ಮನುಷ್ಯನ್ನ ಅಷ್ಟೆತ್ತರಕ್ಕೆ ಕೂರಿಸಿದ್ರೆ ಇಡೀ ದೇಶದ ಗೋಡೆಗೆಲ್ಲ ಅದನ್ನ ಅಂಟಿಸಿದ ಹಾಗೆ. ಅದಕ್ಕೇ ಬೇಡ ಅಂತೀನಿ.”

ಜೂಡಿತ್ ಬೈಯಲಿಲ್ಲ, ತೋಳಿನ ಮೇಲಿನ ಕೈಯನ್ನೂ ತೆಗೆಯಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಓಪಲ್, ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದಳು. “ತಿನ್ನು. ಒಂಬತ್ತು ಕೋಳಿ ನುಂಗಿಕೊಂಡು ಅದ್ಹೇಗೆ ಇದ್ಯೋ ಇಷ್ಟು ದಿನ!”

“ಯೋಲೆಟ್ ನೋಡಿರ್ತಾಳಾ?”

“ಊರೆಲ್ಲ ನೋಡಿದೆ, ಅವಳು ನೋಡ್ದೇ ಇರ್ತಾಳಾ?”

ಶನಿವಾರ ಮಧ್ಯಾಹ್ನ ಅವಳ ಬಾಗಿಲಲ್ಲಿ ನಿಂತೆ. ಬಾಳೆಕಾಯಿ ಕರಿಯುತ್ತಿದ್ದವಳು ಸೌಟು ಹಿಡಿದೇ ಬಂದಳು.

“ಒಂಬತ್ತಾ?” ಎಂದಳು. “ನನ್ನ ಲೆಕ್ಕದಲ್ಲಿ ಹನ್ನೊಂದು.”

“ನಿಂಗೆ ಗೊತ್ತಿತ್ತಾ?”

“ನನ್ನ ಕೈ ಕಣೇ ಅದು! ನಿನ್ನ ಕೈ ಮೇಲೆ ಹೋಗಿದ್ದು, ಅಲ್ಲೇ ನಿಂತಿದ್ದು, ಎಲ್ಲ ನೋಡ್ತಿದ್ದೆ. ನನ್ನ ಇನ್ನೊಂದು ಪಕ್ಕದಲ್ಲಿ ಡ್ವೇನ್ ಇದ್ದ. ಅವನ ಕೈ ಮೇಲಕ್ಕೇ ಹೋಗ್ಲಿಲ್ಲ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ನೀನಾಗೇ ಹೇಳ್ಲಿ ಅಂತ ಕಾದೆ. ಅದನ್ನ ಹೇಳೋಕೆ ವಾಷಿಂಗ್ಟನ್ನಿಗೆ ಹೋಗ್ಬೇಕಿತ್ತಾ? ನಮ್ಮನೆ ಇರೋದು ಎರಡು ಬೀದಿ ಆಚೆ!”

“ಕೋಪ ಇಲ್ವಾ ಯೋಲೆಟ್?”

“ಇದೆ. ಬಿಟ್ಟ ಅಷ್ಟೂ ಕೋಳಿಗೆ ಇದೆ. ಆಮೇಲೆ ಎಳೆದ್ಯಲ್ಲ, ಅದಕ್ಕೆ ದಿನಾ ಪ್ರಾರ್ಥನೇಲಿ ನಿನ್ನ ಹೆಸರು ಹೇಳ್ತೀನಿ. ಎರಡೂ ಒಟ್ಟಿಗೇ ಇರ್ಲಿ ಬಿಡು. ಒಳಗ್ ಬಾ, ಸೀಯುತ್ತೆ.”

ಅಳುತ್ತಲೇ ತಿಂದೆ. ಇಷ್ಟು ಹಗುರಾಗಿ ನಾನು ಎಂದೂ ಕೂತಿರಲಿಲ್ಲ. ಕೋಪವನ್ನು ಬಚ್ಚಿಡದೆ ತಟ್ಟೆ ಮುಂದಿಡುವವಳೊಬ್ಬಳು ಇದ್ದರೆ ಬದುಕಿಗೆ ಇನ್ನೇನು ಬೇಕು?

ಮುಂದಿನ ಗುರುವಾರ ಸೆನೆಟ್ ಮತ ಹಾಕಿತು. ಎರಡು ಮತಗಳಿಂದ ಹ್ಯಾಡ್ಲಿ ಗೆದ್ದರು. ಅದರಲ್ಲೊಂದು ಬ್ರಾಡಕ್ಕರದು. ಅವತ್ತೇ ಅವರಿಗೆ ಪತ್ರ ಬರೆಯಲು ಯೋಲೆಟ್‌ಳ ಮೇಜಿನಲ್ಲಿ ಕೂತೆ. ನಿಮ್ಮ ಮತವನ್ನು ಕ್ಷಮಿಸುವುದಿಲ್ಲ, ಬರುವ ಚುನಾವಣೆಯಲ್ಲಿ ನಾವು ಎಂಟು ಹೆಂಗಸರು ನಿಮ್ಮ ವಿರುದ್ಧ ಜಿಲ್ಲೆಯ ಒಂದೊಂದು ಬಾಗಿಲನ್ನೂ ತಟ್ಟುತ್ತೇವೆ. ಆದರೆ ಎಲ್ಲರೂ ಎದ್ದುಹೋದ ಮೇಲೂ ಕೂತಿದ್ದು ನನಗೆ ಐದು ನಿಮಿಷ ಕೊಟ್ಟಿರಿ, ಆ ಐದು ನಿಮಿಷಕ್ಕೆ ಸಾಯುವವರೆಗೂ ಋಣಿ, ಎಂದು ಬರೆದೆ.

ಯೋಲೆಟ್ ಓದಿ ಪೆನ್ನು ಕಿತ್ತುಕೊಂಡಳು. “ಋಣಿ ಅನ್ನೋದನ್ನ ಮೇಲಕ್ಕೆ ತಗೊಂಡ್ಹೋಗು. ಮೊದ್ಲು ಮರ್ಯಾದೆ, ಬೈಗುಳ ಆಮೇಲೆ.”

ಹಾಳೆ ಬದಲಿಸಿ, ಹಾಗೆಯೇ ಬರೆದೆ. ಕೆಳಗೆ ಇಬ್ಬರೂ ಸಹಿ ಹಾಕಿದೆವು.